ಕೋರ್ಟು ಕೊಟ್ಟ 42 ದಿನ: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಾದ ಶ್ರೀ ಎಸ್. ಜೈಶಂಕರ್ ಅವರಿಗೆ ನಮಸ್ಕಾರಗಳು.

2025ರ ಜನವರಿಯಲ್ಲಿ ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಗೆ ನೀವು ಬಂದಿದ್ದಿರಿ. ವೀಸಾಕ್ಕಾಗಿ ಚೆನ್ನೈಗೂ ಹೈದರಾಬಾದಿಗೂ ಅಲೆಯುತ್ತಿದ್ದ ಕನ್ನಡಿಗರಿಗೆ ಅದು ಸಂತೋಷದ ಸುದ್ದಿ. ಕಚೇರಿ ಎಷ್ಟು ಹತ್ತಿರ ಬಂದರೂ ವೀಸಾ ಸಿಗುವ ಭರವಸೆ ಇಲ್ಲದವರ ಪರವಾಗಿ ನಾನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ವಿಚ್ಛೇದನವಾಗಿ ಮಗುವನ್ನು ಅಲ್ಲೇ ಬಿಟ್ಟು ಬಂದ ತಾಯಂದಿರು ನಾವು, ತಂದೆಯರೂ ಇದ್ದಾರೆ.

ಗಂಡನ ಎಚ್‌-1ಬಿ ಎಂಬ ಉದ್ಯೋಗ ವೀಸಾದ ಆಧಾರದಲ್ಲಿ, ಅವಲಂಬಿತರಿಗೆ ಕೊಡುವ ಎಚ್‌-4 ವೀಸಾ ಪಡೆದು ಹೋದವಳಿಗೆ ಅಲ್ಲಿರುವ ಹಕ್ಕು ಮದುವೆ ಇರುವವರೆಗೆ ಮಾತ್ರ. ಕೆಲಸ ಹೋದರೆ ಗಂಡನಿಗೆ 60 ದಿನಗಳವರೆಗೆ ಕಾಲಾವಕಾಶವಿದೆ. ವಿಚ್ಛೇದನದ ಡಿಕ್ರಿ ಕೈಗೆ ಬಂದ ಹೆಂಡತಿಗೆ ಅದೂ ಇಲ್ಲ. ನನ್ನ ಮಗ ಟೆಕ್ಸಾಸ್‌ನಲ್ಲಿ ಹುಟ್ಟಿದವನು, ಅಮೆರಿಕದ ಪ್ರಜೆ. ತಾಯಿಯ ಗ್ರೀನ್ ಕಾರ್ಡಿಗೆ ಅವನು ಅರ್ಜಿ ಹಾಕಲು 21 ತುಂಬಬೇಕು. ಈಗ ಅವನಿಗೆ ಒಂಬತ್ತು.

ಅಲ್ಲಿನ ನ್ಯಾಯಾಲಯವನ್ನು ನಾನು ದೂರುವುದಿಲ್ಲ. 100 ಮೈಲಿಗಿಂತ ದೂರ ಇರುವ ತಾಯಿ ಅಥವಾ ತಂದೆಗೆ ಬೇಸಿಗೆ ರಜೆಯಲ್ಲಿ 42 ದಿನ ಮಗುವಿನೊಡನೆ ಇರಲು ಟೆಕ್ಸಾಸ್ ಕಾನೂನಿನ ಮಾದರಿ ಆದೇಶವೇ ಅವಕಾಶ ಕೊಡುತ್ತದೆ. ನನಗೂ ಕೊಟ್ಟಿತು. ಆದರೆ ಆ ದಿನಗಳನ್ನು ಅಮೆರಿಕದಲ್ಲೇ ಕಳೆಯಬೇಕೆಂಬ ಷರತ್ತಿದೆ. ಮಗುವನ್ನು ಹೊರದೇಶಕ್ಕೆ ಒಯ್ದು ಉಳಿಸಿಕೊಳ್ಳುವ ಅಪಾಯವನ್ನು ಅಳೆಯುವಾಗ, ಆ ದೇಶ, ಹಾಗೆ ಒಯ್ದ ಮಗುವನ್ನು ಅದು ಮೊದಲಿದ್ದ ದೇಶಕ್ಕೆ ಮರಳಿಸುವ 1980ರ ಹೇಗ್ ಒಡಂಬಡಿಕೆಗೆ ಸೇರಿದೆಯೇ ಎಂದು ಅಲ್ಲಿನ ನ್ಯಾಯಾಧೀಶರು ನೋಡುತ್ತಾರೆ. ಭಾರತ ಸೇರಿಲ್ಲ. ಹಾಗಾದರೆ ನಾನೇ ಹೋಗಿ ಬರುತ್ತೇನೆಂದು ಪ್ರವಾಸಿ ವೀಸಾ ಕೇಳಿದರೆ, ಮಗ ಅಲ್ಲಿರುವುದೇ ನನಗೆ ಮುಳುವಾಗುತ್ತದೆ. ಮಗನನ್ನು ಕಳಿಸಿದರೆ ಮರಳಿಸುವುದಿಲ್ಲ ಎಂದು ಕೋರ್ಟಿನ ಅನುಮಾನ. ಇವಳು ಬಂದರೆ ಮರಳುವುದಿಲ್ಲ ಎಂದು ವೀಸಾ ಅಧಿಕಾರಿಯ ಅನುಮಾನ.

ಉಳಿದಿರುವುದು ವಿಡಿಯೊ ಕರೆ. ಅಲ್ಲಿ ಸಂಜೆ ಏಳಾದಾಗ ಮೈಸೂರಿನಲ್ಲಿ ಬೆಳಗಿನ ಐದೂವರೆ, ಚಳಿಗಾಲದಲ್ಲಾದರೆ ಆರೂವರೆ. ಅವನು ಹೋಮ್‌ವರ್ಕ್ ಮಾಡುತ್ತಾ ಅರ್ಧ ಕಿವಿಗೊಡುತ್ತಾನೆ. ಒಂಬತ್ತರ ಹುಡುಗ ಇನ್ನೇನು ಮಾಡಿಯಾನು!

ಹೇಗ್ ಒಡಂಬಡಿಕೆಗೆ ನಾಳೆಯೇ ಸಹಿ ಹಾಕಿ ಎಂದು ನಾನು ಕೇಳುತ್ತಿಲ್ಲ. ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಓಡಿ ಬಂದವಳನ್ನು ಅದೇ ಊರಿನ ಕೋರ್ಟಿಗೆ ಮರಳಿ ಕಳಿಸುವ ಅಪಾಯ ಅದರಲ್ಲಿದೆ. ಆ ಭಯ ಸುಳ್ಳಲ್ಲ. ಆದರೆ ಸೇರುವುದಿಲ್ಲ ಎಂದ ಮೇಲೆ ಬೇರೊಂದು ದಾರಿಯನ್ನಾದರೂ ಕಟ್ಟಬೇಕಿತ್ತು. ನ್ಯಾಯಮೂರ್ತಿ ರಾಜೇಶ್ ಬಿಂದಾಲ್ ಸಮಿತಿ 2018ರಲ್ಲೇ ಇಂಥ ವ್ಯಾಜ್ಯಗಳಿಗೆಂದು ಪ್ರತ್ಯೇಕ ಪ್ರಾಧಿಕಾರ ಬೇಕೆಂದು ಹೇಳಿತು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ ಅವರ ನೇತೃತ್ವದ ಕಾನೂನು ಆಯೋಗ, ಅನಿವಾಸಿ ಭಾರತೀಯರ ಮದುವೆ, ವಿಚ್ಛೇದನ, ಮಕ್ಕಳ ಪಾಲನೆ ಎಲ್ಲಕ್ಕೂ ಒಂದೇ ಸಮಗ್ರ ಕಾಯ್ದೆ ತರುವಂತೆ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. ಅನಿವಾಸಿಗಳ ಮದುವೆ ನೋಂದಣಿಯ ಮಸೂದೆಯನ್ನು 2019ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದು ನಿಮ್ಮದೇ ಸಚಿವಾಲಯ, ಸುಷ್ಮಾ ಸ್ವರಾಜ್ ಅವರ ಕಾಲದಲ್ಲಿ. ವರದಿಗಳಿಗಂತೂ ಬರವಿಲ್ಲ.

ಹೊರದೇಶಗಳಲ್ಲಿ ಮಾದರಿಗಳಿವೆ. ಬ್ರಿಟನ್ನಿನಲ್ಲಿ, ಅಲ್ಲಿನ ಪ್ರಜೆಯಾದ ಮಗುವಿನ ಭೇಟಿಯ ಹಕ್ಕು ಪಡೆದ ವಿದೇಶಿ ತಾಯಿ ಅಥವಾ ತಂದೆಗಾಗಿಯೇ ಪ್ರತ್ಯೇಕ ವೀಸಾ ಮಾರ್ಗವಿದೆ. ಶುಲ್ಕ ದುಬಾರಿ, ದಾಖಲೆಗಳ ಕಾಟವೂ ಇದೆ, ಆದರೂ ಬಾಗಿಲೊಂದಿದೆ.

ಅಮೆರಿಕದೊಡನೆ ವೀಸಾ ಮಾತುಕತೆ ಎಂದರೆ ಪ್ರತಿ ಸಲವೂ ಎಚ್‌-1ಬಿ, ಅಂದರೆ ಕಂಪನಿಗಳ ಚಿಂತೆ. ಮುಂದಿನ ಮಾತುಕತೆಯಲ್ಲಿ ನಮ್ಮದನ್ನೂ ಸೇರಿಸಿ. ಕೋರ್ಟಿನ ಭೇಟಿ ಆದೇಶ ಕೈಯಲ್ಲಿರುವ ತಾಯಿ ಅಥವಾ ತಂದೆಗೆ, ಆದೇಶದಲ್ಲಿರುವಷ್ಟೇ ದಿನಗಳಿಗೆ ವೀಸಾ ಕೊಡುವ ಏರ್ಪಾಡು ಕೇಳಿ. ಠೇವಣಿ ಇಡಿ ಎಂದರೆ ಇಡುತ್ತೇವೆ, ರಾಯಭಾರ ಕಚೇರಿಗೆ ಹಾಜರಿ ಹಾಕಿ ಎಂದರೆ ಹಾಕುತ್ತೇವೆ. ಪ್ರತಿಯಾಗಿ, ರಜೆಗೆಂದು ಇಲ್ಲಿಗೆ ಬಂದ ಮಗು ಹೇಳಿದ ದಿನಕ್ಕೆ ಮರಳುತ್ತದೆ ಎಂಬ ಖಾತರಿಯನ್ನು ಭಾರತವೂ ಕಾನೂನಿನ ಮೂಲಕ ಕೊಡಬೇಕಾಗುತ್ತದೆ. ಆ ಖಾತರಿ ಕೊಡುವ ಮಸೂದೆ ಸಂಸತ್ತಿನ ಯಾವ ಅಧಿವೇಶನಕ್ಕೆ ಬರುತ್ತದೆ ಎಂಬುದನ್ನು ದಯವಿಟ್ಟು ಸಾರ್ವಜನಿಕವಾಗಿ ತಿಳಿಸಿ.

ಇತಿ,
ಮೈಸೂರಿನ ಒಬ್ಬ ತಾಯಿ