ಪರೀಕ್ಷೆಯ ಭಯವೂ ‘ಟೆನ್ಷನ್ ಮಾತ್ರೆ’ಯೂ

ಮಾನ್ಯರೇ,

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರವಾದಂತೆ ಎರಡು ಸರಕಿನ ಮಾತು ಕಿವಿಗೆ ಬೀಳುತ್ತದೆ: ನೆನಪಿನ ಶಕ್ತಿಯ ಪುಡಿ ಮತ್ತು ‘ಟೆನ್ಷನ್ ಮಾತ್ರೆ’. ಪುಡಿಯಿಂದ ಹೆಚ್ಚೆಂದರೆ ದುಡ್ಡು ದಂಡ. ಅಲ್ಪ್ರಜೋಲಮ್, ಡಯಾಜೆಪಾಮ್ ಜಾತಿಯ ಮಾತ್ರೆಗಳು ಹಾಗಲ್ಲ. ಮೆದುಳು ಕಲಿಯುವಾಗ ಯಾವುದನ್ನು ತಿದ್ದಿಕೊಳ್ಳುತ್ತದೋ ಅಲ್ಲಿಗೇ ಅವು ಕೈಹಾಕುತ್ತವೆ.

ಕಲಿತಾಗ ನರಕೋಶಗಳ ನಡುವಿನ ಕೊಂಡಿ ಬಲವಾಗುತ್ತದೆ ಎಂದು ಪಾಠ ಹೇಳಿ ಮುಗಿಸುತ್ತೇವೆ. 1973ರಲ್ಲಿ ವಿಜ್ಞಾನಿಗಳಾದ ಬ್ಲಿಸ್ ಮತ್ತು ಲೋಮೊ ಮೊಲದ ಮೆದುಳಿನಲ್ಲಿ ಅಂಥ ಬಲವರ್ಧನೆ ತೋರಿಸಿದ ಮೇಲೆ ಎಲ್ಲರ ಕಣ್ಣೂ ಅತ್ತಲೇ. ಆದರೆ ಮೆದುಳಿನ ಹೊರಪದರದಲ್ಲಿ ಐದರಲ್ಲಿ ಸುಮಾರು ಒಂದು ನರಕೋಶದ ಕೆಲಸ ಪಕ್ಕದವನ್ನು ಸುಮ್ಮನಿರಿಸುವುದು. ಅದಕ್ಕೆ ಬಳಸುವ ರಾಸಾಯನಿಕ ಗಾಬಾ. (ತಮಾಷೆಯೆಂದರೆ, ಉದ್ರೇಕಿಸುವ ಗ್ಲುಟಮೇಟ್‌ನಿಂದಲೇ ಅದು ತಯಾರಾಗುತ್ತದೆ.) ಗಾಬಾ ತಗುಲಿದ ಕೋಶದೊಳಗೆ ಕ್ಲೋರೈಡ್ ನುಗ್ಗಿ, ಕೋಶ ಮೈನಸ್ 70 ಮಿಲಿವೋಲ್ಟ್ ಆಸುಪಾಸಿನಲ್ಲೇ ಉಳಿಯುತ್ತದೆ, ಮುಂದಕ್ಕೆ ಸಂಕೇತ ಕಳಿಸುವುದಿಲ್ಲ.

ಎಲ್ಲ ತೂಬೂ ತೆರೆದಿದ್ದರೆ ಕೊನೇ ಗದ್ದೆಗೆ ನೀರು ಹೋಗದು ಎಂಬುದು ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರುಗಂಟಿಗಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕಲಿಯುವಾಗಲೂ ಬೇಕಾದ ದಾರಿಯಲ್ಲಿ ತಡೆ ಸಡಿಲಗೊಳ್ಳುತ್ತದೆ. ತಡೆಯುವ ಕೋಶವನ್ನು ಇನ್ನೊಂದು ತಡೆಕೋಶ ಸುಮ್ಮನಿರಿಸುತ್ತದೆ. ಬೇರೆಡೆ ತಡೆ ಬಿಗಿಯಾಗುತ್ತದೆ. ಬಿಗಿ ಬಂದದ್ದು ಕಳಿಸುವ ಕೋಶ ಹೆಚ್ಚು ಗಾಬಾ ಸುರಿದದ್ದರಿಂದಲೋ, ಪಡೆಯುವ ಕೋಶ ಗಾಬಾವನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡದ್ದರಿಂದಲೋ? ಇದನ್ನು ಪತ್ತೆಹಚ್ಚಲು ಇಲಿಯ ಮೆದುಳಿನಿಂದ ಸುಮಾರು 300 ಮೈಕ್ರೋಮೀಟರ್ ದಪ್ಪದ ಬಿಲ್ಲೆ ಕೊಯ್ದು, ಒಂದು ಕೋಶವನ್ನು 0 ಮಿಲಿವೋಲ್ಟ್‌ನಲ್ಲಿ ಹಿಡಿದಿಡುತ್ತಾರೆ. ಅಲ್ಲಿ ಉದ್ರೇಕದ ಪ್ರವಾಹ ಅಡಗಿ ತಡೆಯ ಪ್ರವಾಹ ಮಾತ್ರ ಕಾಣುತ್ತದೆ. ಅದರ ಪುಟ್ಟ ಮಿಡಿತಗಳು ಎತ್ತರವಾಗಿದ್ದರೆ ಬದಲಾದದ್ದು ಪಡೆಯುವ ಕಡೆ. ಪದೇಪದೇ ಬರುತ್ತಿದ್ದರೆ ಸಾಮಾನ್ಯವಾಗಿ ಕಳಿಸುವ ಕಡೆ. ಕೋಶಕ್ಕೆ ತಾಗಿಸಿದ ಪಿಪೆಟ್ಟಿನ (ಸೂಕ್ಷ್ಮ ಗಾಜಿನ ನಳಿಗೆಯ) ದ್ರಾವಣದಲ್ಲಿ ಕ್ಲೋರೈಡ್ ಹೊರಗಿನಷ್ಟೇ ಇಟ್ಟರೆ ಮಾತ್ರ ಅದು ಯಾವ ಕಡೆಗೂ ಹರಿಯದೆ ಈ ಮಿಡಿತವೂ ಮಾಯ, ದಿನದ ದುಡಿಮೆ ನೀರುಪಾಲು.

ಟೆನ್ಷನ್ ಮಾತ್ರೆ ಗಾಬಾ ಗ್ರಾಹಕಕ್ಕೆ ಅಂಟಿಕೊಂಡು ತಡೆಯನ್ನು ಹೆಚ್ಚಿಸುತ್ತದೆ. ಬೇಕಾದ ದಾರಿ, ಬೇಡದ ದಾರಿ ಎಂದು ಅದು ನೋಡುವುದಿಲ್ಲ. ಎಲ್ಲ ತೂಬನ್ನೂ ಒಟ್ಟಿಗೆ ಅರ್ಧ ಇಳಿಸಿದ ಹಾಗೆ. ಆಮೇಲೆ ಓದಿದ್ದು ತಲೆಯಲ್ಲಿ ನಿಲ್ಲುವುದು ಕಷ್ಟ, ಮೊದಲೇ ಓದಿದ್ದು ಅಷ್ಟಾಗಿ ಕೆಡದು. ಆದ್ದರಿಂದ ‘ರಾತ್ರಿ ಅರ್ಧ ಮಾತ್ರೆ ತಗೊಂಡು ರಿವಿಷನ್ ಮಾಡು’ ಎನ್ನುವುದಕ್ಕಿಂತ ಕೆಟ್ಟ ಸಲಹೆ ಇಲ್ಲ.

ಭಯದ ಲೆಕ್ಕವೂ ಇದೇ. ಭಯ ಇಳಿದಾಗ ಹಳೆಯ ನೆನಪು ಅಳಿಸಿಹೋಗಿರುವುದಿಲ್ಲ, ಅದರ ಮೇಲೆ ಹೊಸದೊಂದು ತಡೆ ಕೂತಿರುತ್ತದೆ. ಆರಿಹೋದ ಪ್ರತಿಕ್ರಿಯೆ ಬಿಡುವಿನ ನಂತರ ಮರಳುವುದನ್ನು ಪಾವ್ಲೊವ್ ನಾಯಿಗಳಲ್ಲೇ ಕಂಡಿದ್ದರು. ಈ ತಡೆ ಕಲಿತ ಜಾಗಕ್ಕೆ, ಕಲಿತ ಸ್ಥಿತಿಗೆ ಅಂಟಿಕೊಂಡಿರುತ್ತದೆ. ಮಾತ್ರೆಯ ಪ್ರಭಾವದಲ್ಲಿ ತಣಿಸಿದ ಭಯ ಮಾತ್ರೆಯಿಲ್ಲದ ದಿನ ವಾಪಸಾಗುವುದನ್ನು ಪ್ರಾಣಿಗಳಲ್ಲಿ ನೋಡಿದ್ದಾರೆ.

ಫಿಟ್ಸ್‌ಗೆಂದು ಇದೇ ಜಾತಿಯ ಕ್ಲೋಬಜಾಮ್ ತೆಗೆದುಕೊಳ್ಳುವ ಮಕ್ಕಳು ಇದನ್ನೋದಿ ಮಾತ್ರೆ ಬಿಡಬಾರದು. ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಉಳಿದವರಿಗೆ, ಚೀಟಿಯಿಲ್ಲದೆ ಈ ಮಾತ್ರೆ ಕೊಡುವುದನ್ನು ಔಷಧದಂಗಡಿಯವರು ನಿಲ್ಲಿಸಲಿ. ‘ಗಾಬಾ’ ಹೆಸರಿನ ಡಬ್ಬಿಯೂ ಬೇಡ. ನುಂಗಿದ ಗಾಬಾ ರಕ್ತದಿಂದ ಮೆದುಳಿಗೆ ದಾಟುವುದು ಕಡಿಮೆ.

ಭಯ ಕಳೆಯುವುದಕ್ಕೆ ಜಾಗ ಬದಲಿಸಿದ ಅಭ್ಯಾಸ ಬೇಕು. ಮಂಡ್ಯದ ಕಾಲೇಜುಗಳು ಒಂದೆರಡು ಮಾದರಿ ಪರೀಕ್ಷೆಗಳನ್ನಾದರೂ ಕಟ್ಟಡ ಅದಲುಬದಲು ಮಾಡಿಕೊಂಡು ನಡೆಸಲಿ: ಪರಿಚಯವಿಲ್ಲದ ಕೊಠಡಿ, ಪರಿಚಯವಿಲ್ಲದ ಮೇಲ್ವಿಚಾರಕರು, ನಿಜ ಪರೀಕ್ಷೆಯದೇ ಗಂಟೆ. ಒಂದೇ ವಾರದಲ್ಲಿ ತುರುಕದೆ, ನಡುವೆ ಕೆಲವು ದಿನ ಬಿಡುವು ಇರಲಿ.

– ಶರೀರಕ್ರಿಯಾಶಾಸ್ತ್ರದ ಬೋಧಕರು, ಮಂಡ್ಯ