ಮಡೇರಾಗೆ ಬರುವವರಿಗೆ: ಖರ್ಚಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಪೋರ್ಚುಗಲ್‌ನ ಮಡೇರಾ ದ್ವೀಪದ ರಾಜಧಾನಿ ಫುಂಚಾಲ್‌ನಲ್ಲಿ ಮನೆ ಹುಡುಕುತ್ತಿರುವವರು ಮುಂಗಡ ಕಳಿಸುವ ಮೊದಲು ಇದನ್ನು ಓದಿ.

ಬಾಡಿಗೆಯಷ್ಟೇ ನೋಡಬೇಡಿ, ಕರೆಂಟ್ ಬಿಲ್ ನೋಡಿ. ಅದರಲ್ಲಿ 'ಪೊಟೆನ್ಸಿಯಾ' ಅಂತ ಇರುತ್ತದೆ, ಅಂದರೆ ಮಂಜೂರಾದ ಲೋಡ್. ಸಣ್ಣ ಮನೆಗಳಲ್ಲಿ 3.45 ಕೆವಿಎ (ಸುಮಾರು 3,450 ವ್ಯಾಟ್) ಸಾಮಾನ್ಯ. 2,000 ವ್ಯಾಟ್ ಹೀಟರ್ ಉರಿಯುತ್ತಿರುವಾಗ 1,800 ವ್ಯಾಟ್ ಇಂಡಕ್ಷನ್ ಮೇಲೆ ಅನ್ನಕ್ಕಿಟ್ಟರೆ ಮೇನ್ ಟ್ರಿಪ್ ಆಗುತ್ತದೆ, ಮೀಟಿಂಗ್ ನಡುವೆ ವೈಫೈ ಹೋಗುತ್ತದೆ. ಲೋಡ್ ಹೆಚ್ಚಿಸಿದರೆ ತಿಂಗಳ ನಿಗದಿ ಶುಲ್ಕವೂ ಏರುತ್ತದೆ.

ಬೆಟ್ಟದ ಮೇಲೆ, ಉತ್ತರ ದಿಕ್ಕಿನಲ್ಲಿ ಮನೆ ಅಗ್ಗ, ಆದರೆ ತೇವ ಜಾಸ್ತಿ. ಕಪಾಟು ಎಳೆದು ಹಿಂದಿನ ಗೋಡೆ ನೋಡಿ. ಬೂಷ್ಟು ಇದ್ದರೆ ಡಿಹ್ಯೂಮಿಡಿಫೈಯರ್ ಖರ್ಚು ಸೇರಿಸಿಕೊಳ್ಳಿ. ಅಲ್ಲಿ ಕಾರಿಲ್ಲದೆ ಕಷ್ಟ. ಏರು ಕಡಿದು, ಹಾಗಾಗಿ ತೀರಾ ಸಣ್ಣ ಎಂಜಿನ್ ಬೇಡ.

ತರಕಾರಿಗೆ ಪಿಂಗೋ ದೋಸೆ (ನಮ್ಮ ದೋಸೆ ಅಲ್ಲ!) ಅಥವಾ ಕೊಂಟಿನೆಂಟೆ ಸೂಪರ್‌ಮಾರ್ಕೆಟ್‌ಗೆ ಹೋಗಿ. ಲಾವ್ರಡೋರಿಶ್ ಮಾರುಕಟ್ಟೆಯಲ್ಲಿ ಹಣ್ಣಿನ ರುಚಿ ತೋರಿಸಿದರೆ ಮೊದಲು ಕಿಲೋ ದರ ಕೇಳಿ, ತೂಕ ಆಮೇಲೆ.

ಭಾರತೀಯ ಪಾಸ್‌ಪೋರ್ಟ್‌ನವರಿಗೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ಪ್ರವಾಸಿ ವೀಸಾ 180 ದಿನಗಳಲ್ಲಿ 90 ದಿನಕ್ಕಷ್ಟೇ, ಅದೂ ಕೆಲಸಕ್ಕಲ್ಲ. ದೂರದಿಂದ ಕೆಲಸ ಮಾಡುವವರ ವೀಸಾ ಡಿ8ಗೆ ಪೋರ್ಚುಗಲ್ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕು. 2025ರಲ್ಲಿ ಈ ನಾಲ್ಕು ಪಟ್ಟು ಅಂದರೆ ತಿಂಗಳಿಗೆ 3,480 ಯೂರೋ ಆಗಿತ್ತು.

ಬೆಂಗಳೂರಿನ ಟೀಮ್ ಇರುವವರೇ, ಅಲ್ಲಿಯ ಬೆಳಗ್ಗೆ 10 ಇಲ್ಲಿ ಚಳಿಗಾಲದಲ್ಲಿ ನಸುಕಿನ 4:30.

ವಾಪಸ್ ಟಿಕೆಟ್‌ಗೆ ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಿ, ಗಾಳಿ ಜೋರಾದರೆ ಇಲ್ಲಿ ವಿಮಾನ ಇಳಿಯುವುದಿಲ್ಲ.