ಹ್ಯಾಟ್‌ಪಿನ್ನಿಗೆ ದಂಡ, ಕೈಚಳಕಕ್ಕೆ?

ಮಾನ್ಯರೇ,

ಮೆಜೆಸ್ಟಿಕ್ ಕಡೆಯ ರಶ್ಶಿನ ಬಸ್ಸಿನಲ್ಲಿ ಮೈಮೇಲೆ ಕೈ ಹಾಕುವವರಿಗೆ ಚುಚ್ಚಲು ಸೆರಗಿನ ಸೇಫ್ಟಿ ಪಿನ್ ಬಿಚ್ಚಿ ಬೆರಳ ಸಂದಿಯಲ್ಲಿ ಹಿಡಿದು ನಿಲ್ಲುವುದನ್ನು ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಮೆರಿಕದ ಹೆಂಗಸರಿಗೆ ಟೋಪಿಯನ್ನು ಮುಡಿಗೆ ಸಿಕ್ಕಿಸುವ ಉದ್ದನೆಯ ಹ್ಯಾಟ್‌ಪಿನ್ ಇತ್ತು. 1903ರಲ್ಲಿ ನ್ಯೂಯಾರ್ಕಿನ ಕುದುರೆ ಸಾರೋಟಿನಲ್ಲಿ ಪಕ್ಕದ ವಯಸ್ಸಾದ ಮಹಾಶಯ ಬೆನ್ನ ಹಿಂದೆ ಕೈ ಹಾಕಿದಾಗ, ಲಿಯೋಟಿ ಬ್ಲೇಕರ್ ಎಂಬ ಯುವತಿ ಅದನ್ನು ಅವನ ತೋಳಿಗೇ ಇಳಿಸಿದಳು. ಭೇಷ್! 1910ರಲ್ಲಿ ಷಿಕಾಗೊ ನಗರಸಭೆ ಮಾಡಿದ್ದೇನು? 9 ಇಂಚಿಗಿಂತ ಉದ್ದದ ಪಿನ್ನಿಗೆ ದಂಡ! (ಅಕ್ಕಪಕ್ಕದವರ ಕಣ್ಣಿಗೆ ತಾಗುವ ಭಯವೂ ಇತ್ತೆನ್ನಿ.) ಈಗಲೂ ಸೊಸೆಯ ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಇದೆ. ಸಂಜೆ ಹೊತ್ತಾದರೂ ಹೆಂಗಸರ ಸೀಟುಗಳನ್ನು ಬಿಡಿಸಿಕೊಡುವಂತೆ ಕಂಡಕ್ಟರುಗಳಿಗೆ ಮೇಲಿನವರು ಒಂದು ಮಾತು ಹೇಳಲಿ.

– ನಿವೃತ್ತ ಶಿಕ್ಷಕಿ, ಬಸವನಗುಡಿ, ಬೆಂಗಳೂರು